ದಬ್ಬಳದ ಅತ್ತಿಗೆ

ನಗಿಸಲಾಗದ ಮನುಷ್ಯರನ್ನು ನಾನು ಈ ಭೂಮಂಡಲದಲ್ಲಿ ಇನ್ನೂ ಕಂಡಿಲ್ಲ. ಇದು ಜಂಬವಲ್ಲ, ಸಾಕ್ಷಿಸಮೇತವಾದ ಸತ್ಯ. ಹೆಣ ಹೊತ್ತು ನಡೆದವರನ್ನು ನಡುದಾರಿಯಲ್ಲಿ ನಗಿಸಿ, ಭಾರ ಕೆಳಗಿಳಿಸಿ ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡಿದವನು ನಾನು. ಸತ್ತವನ ತುಟಿಯ ಕೊನೆಯೂ ಕೊಂಚ ಕೊಂಕಿತ್ತೆಂದು ಕಂಡವರು ಹೇಳುತ್ತಾರೆ. ಇಕ್ಕಳ ಹಿಡಿದು ನನ್ನ ಬಾಯೊಳಗೆ ಇಳಿದಿದ್ದ ಹಲ್ಲಿನ ವೈದ್ಯರನ್ನು ನಗಿಸಿ, ಅವರು ನಗುವ ಭರದಲ್ಲಿ ಕೀಳಬಾರದ ಹಲ್ಲನ್ನು ಕಿತ್ತು, ಅದಕ್ಕೂ ನಾವಿಬ್ಬರು ಸೇರಿ ನಕ್ಕದ್ದುಂಟು. ರೈಲು ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಆಯುಷ್ಯ ಸವೆಸಿದ ನನ್ನ ಮಾತಿಗೆ ಸಿಕ್ಕಿ ರೈಲು ತಪ್ಪಿಸಿಕೊಂಡವರು ಕೂಡ ಶಾಪ ಹಾಕದೆ ನಗುತ್ತಲೇ ಮನೆಗೆ ಮರಳಿದರು. ಕಲ್ಲುಕಂಬವನ್ನೇ ತಂದು ನನ್ನ ಪಕ್ಕದಲ್ಲಿ ನಿಲ್ಲಿಸಿ ನೋಡಿ; ಸಂಜೆಯೊಳಗೆ ಬಿರುಕು ಬಿಡದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.

ಈ ಪೀಠಿಕೆ ಏಕೆಂದರೆ, ನಾನೀಗ ಹೇಳಹೊರಟಿರುವುದು ನನ್ನ ಅತ್ತಿಗೆಯವರ ಸಿಟ್ಟಿನ ವಿಚಾರ. ಸಿಟ್ಟು ನಮ್ಮ ನಿಮ್ಮಂಥವರಿಗೆ ಬರುತ್ತದೆ, ಹೋಗುತ್ತದೆ, ನೆಂಟರ ಹಾಗೆ. ಅತ್ತಿಗೆಯವರ ಸಿಟ್ಟು ಬಂದದ್ದನ್ನು ಕಂಡವರಿಲ್ಲ, ಏಕೆಂದರೆ ಅದು ಹೋದದ್ದನ್ನು ಕಂಡವರಿಲ್ಲ; ಅದು ಮನೆಯ ಯಜಮಾನಿಕೆ ವಹಿಸಿಕೊಂಡು ಕೂತ ಸಿಟ್ಟು. ಸೂರ್ಯ ಒಂದು ದಿನ ತಡವಾಗಿ ಬಂದು ಅವರಿಂದ ಬೈಸಿಕೊಂಡ ಮೇಲೆ, ನಮ್ಮ ಬೀದಿಯಲ್ಲಿ ಮಾತ್ರ ಬೇರೆಡೆಗಿಂತ ತುಸು ಮುಂಚೆಯೇ ಹುಟ್ಟುತ್ತಾನೆಂದು ಪಕ್ಕದ ಮನೆಯ ದರ್ಜಿ ಆಣೆ ಮಾಡಿ ಹೇಳುತ್ತಾನೆ. ಅವನು ಸುಳ್ಳು ಹೇಳುವವನಲ್ಲ, ಹೊಲಿದು ಕೊಡುವ ದಿನದ ವಿಷಯ ಒಂದನ್ನು ಬಿಟ್ಟರೆ.

ಅತ್ತಿಗೆಯವರು ನಡೆಯುವುದನ್ನು ನೋಡಬೇಕು. ಗಾಳಿ ಯಾವತ್ತೂ ತಮಗೆ ಎದುರಾಗಿಯೇ ಬೀಸುತ್ತಿದೆ ಎಂಬ ದೃಢನಂಬಿಕೆಯಿಂದ ದೇಹ ಮುಂದಕ್ಕೆ ಬಾಗಿರುತ್ತದೆ. ಬಲಗಾಲು ತೀರ್ಪು ಕೊಟ್ಟಂತೆ ನೆಲಕ್ಕೆ ಬೀಳುತ್ತದೆ, ಎಡಗಾಲು ಆ ತೀರ್ಪಿಗೆ ಸಹಿ ಹಾಕಿದಂತೆ ಹಿಂಬಾಲಿಸುತ್ತದೆ. ಮೈಮೇಲೆ, ಚಳಿ ಸೆಕೆಗಳ ಭೇದವಿಲ್ಲದೆ, ತಮ್ಮ ತಂದೆ ತೊಡುತ್ತಿದ್ದ ಖಾಕಿ ಕೋಟು. ಅದರ ಎದೆಯ ಮೇಲೆ ದಾರ ಪೋಣಿಸಿದ ಸೂಜಿಗಳು ಸೇನಾಪತಿಯ ಪದಕಗಳಂತೆ ಸಾಲಾಗಿ ಚುಚ್ಚಿಕೊಂಡಿರುತ್ತವೆ. ಬಲಗಡೆಯ ಕಿಸೆಯಲ್ಲಿ ಕತ್ತರಿ, ಎಡಗಡೆಯ ಕಿಸೆಯಲ್ಲಿ ದಬ್ಬಳ, ಅಂದರೆ ಹಾಸಿಗೆಯ ಈ ಮೈಯಿಂದ ಆ ಮೈಗೆ ಹಾಯುವ ಗೇಣುದ್ದದ ದಪ್ಪ ಸೂಜಿ. ಆ ಕೋಟಿಗೆ ಹತ್ತಿಯ ಧೂಳು ಎಷ್ಟು ಹಿಡಿದಿದೆಯೆಂದರೆ, ಅವರು ಕೆಮ್ಮಿದಾಗ ಬೀದಿಯಲ್ಲಿ ಮಂಜು ಮುಸುಕಿ ಗಾಡಿಗಳು ದೀಪ ಹಾಕಿಕೊಳ್ಳುತ್ತವೆ.

ಮಾತಿನಲ್ಲಿ ಅವರಿಗೊಂದು ಪಲ್ಲವಿಯಿದೆ: "ಹಾಗಂದ್ರೇನರ್ಥ?" ಯಾರಾದರೂ "ಚೆನ್ನಾಗಿದ್ದೀರಾ?" ಎಂದು ಕೇಳಿದರೆ, "ಹಾಗಂದ್ರೇನರ್ಥ?" ಹಾಲು ಉಕ್ಕಿದರೆ ಪಾತ್ರೆಯನ್ನು ದುರುಗುಟ್ಟಿ ನೋಡಿ, "ಹಾಗಂದ್ರೇನರ್ಥ?" ಅಕಾಲದಲ್ಲಿ ಮಳೆ ಸುರಿದರೆ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ಮೋಡಕ್ಕೆ ಅದೇ ಪ್ರಶ್ನೆ. ಎಷ್ಟೋ ಸಲ ಮಳೆ ಉತ್ತರ ತೋಚದೆ ನಿಂತುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಸಿಗೆ ಹೊಲಿಯುವುದು ಅವರ ಕಸುಬು. ಕೆಳಗೆ ಅಂಗಡಿ, ಅಂಗಡಿಯ ಬೆನ್ನಿಗೆ ಅಡುಗೆಮನೆ, ಮೇಲೆ ಎರಡು ಕೋಣೆ. ಅಂಗಡಿ ಅತ್ತಿಗೆಯವರ ತಂದೆಯದು. ನನ್ನ ಅಣ್ಣ ಅಲ್ಲಿಗೆ ಅಳಿಯನಾಗಿ ಬಂದವನು, ಈಗಲೂ ಹೆಚ್ಚುಕಡಿಮೆ ಅಳಿಯನಾಗಿಯೇ ಇದ್ದಾನೆ. ಅವನ ಬೆನ್ನಿಗಂಟಿಕೊಂಡು ಬಂದ ನಾನು ಮೇಲಿನ ಒಂದು ಕೋಣೆಯನ್ನು ಆಕ್ರಮಿಸಿಕೊಂಡಿದ್ದೇನೆ. ಬಿಲ್ಲಿನಲ್ಲಿ ಹತ್ತಿ ಹಿಂಜುವುದು, ಪಟ್ಟೆಬಟ್ಟೆಯ ಚೀಲವನ್ನು ಮೂರು ಕಡೆ ಹೊಲಿದು ನಾಲ್ಕನೆಯ ಕಡೆಯಿಂದ ಹತ್ತಿ ತುಂಬುವುದು, ಕೋಲಿನಿಂದ ತಟ್ಟಿ ಸಮ ಮಾಡುವುದು, ಆಮೇಲೆ ಆ ನಾಲ್ಕನೆಯ ಕಡೆಯನ್ನು, ಅಂದರೆ ಹಾಸಿಗೆಯ ಬಾಯಿಯನ್ನು ಮುಚ್ಚಿ ಮೈಯುದ್ದಕ್ಕೂ ದಬ್ಬಳ ಹಾಯಿಸುವುದು, ಎಲ್ಲವೂ ಅತ್ತಿಗೆಯವರೇ. ಬಂದವರನ್ನು "ಬನ್ನಿ, ಕೂತ್ಕೊಳ್ಳಿ" ಅನ್ನುವುದು ಅಣ್ಣ. ಇಷ್ಟೆಲ್ಲ ಹಾಸಿಗೆ ಹೊಲಿದ ಹೆಂಗಸು ಮಲಗುವುದು ಮಾತ್ರ ಬರಿಯ ಚಾಪೆಯ ಮೇಲೆ. ಕೇಳಿದರೆ, "ಹಗಲೆಲ್ಲ ನೋಡಿದ ಮುಖಾನ ರಾತ್ರೀನೂ ನೋಡ್ಬೇಕಾ? ನಿಮ್ಮಣ್ಣಂದು ಬೇರೆ ಇದೆ," ಎನ್ನುತ್ತಾರೆ.

ಆ ಅಣ್ಣನಿಗೆ ಒಂದೇ ವ್ಯಸನ, ಬೆಕ್ಕು. ಲೋಕದ ಗಂಡಸರು ಕುಡಿದು ಮನೆಗೆ ಬರುತ್ತಾರೆ. ಇವನು ಅಂಗಿಯೊಳಗೆ ಬೆಕ್ಕಿನ ಮರಿ ಇಟ್ಟುಕೊಂಡು ಬರುತ್ತಾನೆ. ಕಳ್ಳಹೆಜ್ಜೆ ಇಬ್ಬರದೂ ಒಂದೇ.

"ಏನ್ರೀ ಅದು, ಹೊಟ್ಟೆ ಅಲ್ಲಾಡ್ತಿದೆ?"

"ಏನಿಲ್ಲ ಕಣೇ, ಗ್ಯಾಸು."

"ಗ್ಯಾಸಿಗೆ ಬಾಲ ಬಂದಿದೆ. ಒಳಗೆ ಹಾಕ್ಕೊಳ್ಳಿ."

ಹೀಗೆ ಗ್ಯಾಸಿನ ರೂಪದಲ್ಲಿ ಬಂದು ಸೇರಿದ ಬೆಕ್ಕುಗಳು ಐದು. ಹತ್ತಿಯ ಅಂಗಡಿಯಲ್ಲಿ ಐದು ಬೆಕ್ಕುಗಳೆಂದರೆ ಏನೆಂಬುದನ್ನು ಅನುಭವಿಸದವರಿಗೆ ವಿವರಿಸುವುದು ವ್ಯರ್ಥ. ಹಿಂಜಿದ ಹತ್ತಿಯ ರಾಶಿ ಕಂಡರೆ ಅವು ಅಟ್ಟದಿಂದಲೇ ಧುಮುಕುತ್ತವೆ. ಒಳಗೇ ಸುರಂಗ ತೋಡಿ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುತ್ತವೆ. ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ರಭಸಕ್ಕೆ ಅಂಗಡಿಯೊಳಗೆ ಹಿಮಪಾತವಾಗಿ ಗಿರಾಕಿಗಳು ಕೊಡೆ ಬಿಡಿಸಿದ್ದುಂಟು. ದಾರದ ಉಂಡೆ ಅಂಗಡಿಯಿಂದ ಹೊರಟು, ಅಡುಗೆಮನೆಯ ಮೇಜಿನ ಕಾಲಿಗೆ ಸುತ್ತಿ, ಮೆಟ್ಟಿಲೇರಿ, ನನ್ನ ಚಪ್ಪಲಿಯನ್ನೂ ಕೂಡಿಸಿಕೊಂಡು, ಮತ್ತೆ ಕೆಳಗಿಳಿದು ಅಣ್ಣನ ಕುರ್ಚಿಗೆ ಬಂದು ನಿಲ್ಲುತ್ತದೆ. ಅಣ್ಣನಿಗೆ ಇದೆಲ್ಲ ಬಾಲಲೀಲೆ. ಹತ್ತಿಯ ಉಂಡೆಗೆ ದಾರ ಕಟ್ಟಿ, ಎಳೆದು, ಅವು ನೆಗೆದಾಗ ಚಪ್ಪಾಳೆ ತಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾನೆ. ಆಮೇಲೆ ಆ ಬಿಳಿ ಹತ್ತಿಯೊಳಗಿಂದ ಕರಿ ಕೂದಲನ್ನು ಎಳೆ ಎಳೆಯಾಗಿ ಆರಿಸುವವರು, ತುಂಡಾದ ದಾರವನ್ನು ಗಂಟು ಹಾಕಿ ಸುತ್ತುವವರು, ಮೂಲೆಯ ಹೇಲು ಬಾಚುವವರು ಯಾರು ಎಂಬ ಪ್ರಶ್ನೆ ಅವನ ಮನಸ್ಸಿಗೆ ಎಂದೂ ಬಂದದ್ದಿಲ್ಲ. ಬಾಚುವವರು ಅತ್ತಿಗೆ. ಬಾಚುತ್ತ ಬೈಯುವವರೂ ಅತ್ತಿಗೆ.

ಅಣ್ಣ ಬೆಕ್ಕುಗಳಿಗೆ ಇಟ್ಟ ಹೆಸರುಗಳು ರಾಜ, ಮುತ್ತು, ಬಂಗಾರಿ ಇತ್ಯಾದಿ. ಆ ಹೆಸರುಗಳಿಗೆ ಒಂದೂ ಕಿವಿ ನಿಮಿರಿಸುವುದಿಲ್ಲ. ಚಾಲ್ತಿಯಲ್ಲಿರುವುದು ಅತ್ತಿಗೆಯವರ ನಾಮಕರಣ. ಹಳದಿ ಗಡವನಿಗೆ ದರಿದ್ರ, ಬಿಳಿಯ ಹೆಣ್ಣಿಗೆ ಮನೆಹಾಳಿ, ಕರಿಯನಿಗೆ ಶನಿ, ಹಗಲಿಡೀ ಮಲಗಿ ಊಟಕ್ಕೂ ಏಳದ ಉದ್ದಮೈಯವನಿಗೆ ಸೋಂಬೇರಿ, ಕೊನೆಗೆ ಬಂದ, ಹತ್ತಿಯದೇ ಬಣ್ಣದ, ಅಂಗೈಯಗಲದ ಹೆಣ್ಣುಮರಿಗೆ ಪೀಡೆ. ಒಂದೊಂದು ಹಾಸಿಗೆಯ ಬಾಯಿ ಮುಚ್ಚುವ ಹೊತ್ತಿಗೂ ಅತ್ತಿಗೆಯವರ ಬೈಗುಳ ತಾರಕಕ್ಕೇರುತ್ತಿತ್ತು. ದಬ್ಬಳ ಕೈಯಲ್ಲಿ ಹಿಡಿದು, ಎದ್ದು ನಿಂತು, ಮಾಡು ಹಾರುವಂತೆ ಕೂಗುತ್ತಿದ್ದರು. "ಎಲ್ಲಿ ಸತ್ಯೋ ದರಿದ್ರ!" ಅಟ್ಟದಿಂದ ಒಂದು ಮ್ಯಾಂವ್. "ನಿನಗೇನು ಬಂತೇ ಧಾಡಿ, ಮನೆಹಾಳಿ!" ಅಡುಗೆಮನೆಯಿಂದ ಒಂದು ಮ್ಯಾಂವ್. ಹೀಗೆ ಐದೂ ಮುಗಿದ ಮೇಲೆ ಕೂತು ಹೊಲಿಗೆಗೆ ತೊಡಗುವರು. ನಾವು ಅದಕ್ಕೆ ಸಹಸ್ರನಾಮವೆಂದು ಹೆಸರಿಟ್ಟಿದ್ದೆವು. ಕಟ್ಟಿಗೆ ಒಡೆಯುವವನು ಹಾ ಎಂದು ಉಸಿರು ಬಿಡುವ ಹಾಗೆ, ದಪ್ಪ ಬಟ್ಟೆಗೆ ದಬ್ಬಳ ಇಳಿಸಲು ಬೇಕಾದ ಕಸುವಿಗಾಗಿ ಅವರು ಬೈಯುತ್ತಾರೆ ಎಂಬುದು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ ಸಿದ್ಧಾಂತ.

ಬೀದಿ ಅಣ್ಣನ ಪಕ್ಷ. "ಪಾಪ, ದೇವರಂಥ ಮನುಷ್ಯ. ಮೂಕಪ್ರಾಣಿ ಕಂಡ್ರೆ ಕರಗಿಹೋಗ್ತಾರೆ. ಅವಳ ಬಾಯಿ ನೋಡಿ, ಹೇಗೆ ಸಂಸಾರ ಮಾಡ್ತಾರೋ!" ಎಂದು ದರ್ಜಿಯ ಹೆಂಡತಿ ಬಂದವರಿಗೆಲ್ಲ ಹೇಳುವಳು. ಅತ್ತಿಗೆಯವರ ಕಿವಿಗೆ ಬೀಳಲೆಂದೇ ಹೇಳುವಳು. ಬೀಳುತ್ತಿತ್ತು ಕೂಡ.

ಇಷ್ಟರಲ್ಲಿ ಎದುರುಸಾಲಿನಲ್ಲಿ ಸ್ಪಂಜಿನ ಹಾಸಿಗೆಯ ಹೊಸ ಅಂಗಡಿ ತೆರೆಯಿತು. ಹಗುರ, ಅಗ್ಗ, ಹೊಳೆಯುವ ಹೊದಿಕೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ದಾಟುವಾಗ ನಮ್ಮತ್ತ ನೋಡದಿರಲೆಂದು ಆಕಾಶ ನೋಡುತ್ತಿದ್ದರು. ಅಂಗಡಿ ಮುಚ್ಚುವುದೋ ನಡೆಯುವುದೋ ಎಂಬ ಆ ಕಾಲದಲ್ಲಿ, ಬೀದಿಯ ತುದಿಯ ಲಾಡ್ಜಿನ ಮ್ಯಾನೇಜರು ಸೆಂಟು ಹಾಕಿದ ಕರವಸ್ತ್ರವನ್ನು ಮೂಗಿಗೆ ಹಿಡಿದು ನಮ್ಮಲ್ಲಿಗೆ ಬಂದರು. ಒಂದು ಮಹಡಿಗೆ ಹೊಸ ಹಾಸಿಗೆ ಬೇಕು. ಚೆನ್ನಾಗಿದ್ದರೆ ಉಳಿದ ಮಹಡಿಗಳದೂ ನಮಗೇ. ಅವರು ಮಾತು ಮುಗಿಸುವ ಹೊತ್ತಿಗೆ ಸರಿಯಾಗಿ ಒಳಗಡೆ ಸಹಸ್ರನಾಮ ಶುರುವಾಯಿತು.

ಮ್ಯಾನೇಜರು ಕರವಸ್ತ್ರವನ್ನು ಮೂಗಿನಿಂದ ತೆಗೆದು ಕಿವಿಗೆ ಹಿಡಿದರು. "ಏನ್ ಸ್ವಾಮಿ ಈ ಬಾಯಿ! ಇದನ್ನ ಕೇಳ್ಕೊಂಡು ಬೆಳೆದ ಹಾಸಿಗೆ ಮೇಲೆ ನಮ್ಮ ಗಿರಾಕಿಗೆ ನಿದ್ದೆ ಹತ್ತುತ್ತಾ? ನೋಡಿ, ಬಾಯಿ ಹೊಲಿಯೋ ದಿನ ನಾನೇ ಬಂದು ಇಲ್ಲಿ ಕೂತ್ಕೋತೀನಿ. ಒಂದು ಬೈಗುಳ ಕಿವಿಗೆ ಬಿತ್ತೋ, ಎದ್ದು ಎದುರಂಗಡಿಗೆ ಹೋಗ್ತೀನಿ."

ಅಂದು ಅಡುಗೆಮನೆಯಲ್ಲಿ ಅಣ್ಣ ಗೋಗರೆದ. "ಒಂದೇ ಒಂದು ದಿನ ಕಣೇ. ನಿನ್ನ ದಮ್ಮಯ್ಯ. ಬಾಯಿ ಬಿಗಿಹಿಡ್ಕೊಂಡಿರು."

"ಬೆಕ್ಕುಗಳು?"

"ಅವನ್ನ ನಾನು ನೋಡ್ಕೋತೀನಿ. ಮೇಲೆ ಕೋಣೆಗೆ ಹಾಕಿ ಚಿಲಕ ಹಾಕಿಬಿಡ್ತೀನಿ."

"ನೀವು ನೋಡ್ಕೋತೀರಾ? ಹಾಗಂದ್ರೇನರ್ಥ?"

"ಅಂದ್ರೆ... ನೋಡ್ಕೋತೀನಿ ಅಂತ."

ಅತ್ತಿಗೆಯವರು ಅವನನ್ನು ನೋಡಿದರು. ಆಮೇಲೆ ಎದುರುಸಾಲಿನ ಹೊಳೆಯುವ ಫಲಕವನ್ನು ನೋಡಿದರು. "ಸರಿ," ಎಂದರು. ಅದು ಅವರು ಆ ಮನೆಯಲ್ಲಿ ಆಡಿದ ಅತ್ಯಂತ ಚಿಕ್ಕ ಮಾತು.

ಆ ದಿನದ ಮೌನವನ್ನು ನಾನು ಸಾಯುವತನಕ ಮರೆಯಲಾರೆ. ಮ್ಯಾನೇಜರು ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಅತ್ತಿಗೆಯವರು ತುಟಿ ಕಚ್ಚಿ ಹತ್ತಿ ತುಂಬುತ್ತಿದ್ದರು, ತಟ್ಟುತ್ತಿದ್ದರು. ಬೀದಿಗೆ ಬೀದಿಯೇ ಗಾಬರಿಯಾಗಿ ಕದದ ಸಂದಿಯಲ್ಲಿ ಇಣುಕುತ್ತಿತ್ತು. ದರ್ಜಿ ತನ್ನ ಕಿವಿಯೇ ಹೋಯಿತೆಂದು ಎರಡು ಸಲ ಗುಗ್ಗೆ ತೆಗೆಸಿಕೊಂಡ. ಹಾಸಿಗೆಗಳೆಲ್ಲ ತುಂಬಿ ಸಾಲಾಗಿ ಬಾಯಿ ತೆರೆದು ಮಲಗಿದ ಮೇಲೆ ಅತ್ತಿಗೆಯವರು ದಬ್ಬಳ ಕೈಗೆತ್ತಿಕೊಂಡು, ಬಾಗಿಲಲ್ಲಿ ನಿಂತ ಅಣ್ಣನ ಕಡೆ ತಿರುಗಿ, ಎಡಗೈಯ ಐದು ಬೆರಳು ಎತ್ತಿ ತೋರಿಸಿದರು. ಅಣ್ಣ ಮೇಲಕ್ಕೋಡಿ, ಕೋಣೆಯ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು, ಮುಗುಳ್ನಗುತ್ತ ಇಳಿದು ಬಂದು ತಾನೂ ಐದು ಬೆರಳು ಎತ್ತಿದ. ದಬ್ಬಳ ಇಳಿಯಿತು. ಒಂದಾದ ಮೇಲೊಂದು ಬಾಯಿ ಮುಚ್ಚಿದವು.

ಗಾಡಿಗೆ ಹೇರಿಸುವಾಗ ಮ್ಯಾನೇಜರು ಹಲ್ಲು ಬಿಟ್ಟರು. "ನೋಡಿದ್ರಾ? ಬಾಯಿ ಮುಚ್ಚಿದ್ರೆ ಕೈ ಎಷ್ಟು ಚೆನ್ನಾಗಿ ಆಡುತ್ತೆ!" ಅತ್ತಿಗೆಯವರು ಉಗುಳು ನುಂಗಿದರು. ಒಳಗೆ ಅದುಮಿದ್ದ ಆವಿಗೆ ಖಾಕಿ ಕೋಟಿನ ಗುಂಡಿಯೊಂದು ಸಿಡಿದು ಹಾರಿ, ಮ್ಯಾನೇಜರ ಬೂಟಿಗೆ ಬಡಿಯಿತು.

ಸಂಜೆ ಅತ್ತಿಗೆಯವರು ಅನ್ನದ ತಟ್ಟೆ ಹಿಡಿದು ಮೇಲೆ ಹೋಗಿ ಚಿಲಕ ತೆಗೆದರು. ನಾನೂ ಅಣ್ಣನೂ ಹಿಂದೆಯೇ ಇದ್ದೆವು. ದರಿದ್ರ, ಮನೆಹಾಳಿ, ಶನಿ ಓಡಿ ಬಂದು ತಟ್ಟೆಗೆ ಮುಖ ಹಾಕಿದವು. ಸೋಂಬೇರಿ ಯಥಾಪ್ರಕಾರ ಗೋಡೆಗೂ ಹಳೆಯ ಪೆಟ್ಟಿಗೆಗೂ ನಡುವೆ ಮಲಗಿತ್ತು.

"ಪೀಡೆ ಎಲ್ಲಿ?"

"ಇಲ್ಲೇ ಎಲ್ಲೋ ಇರುತ್ತೆ ಬಿಡೇ," ಎಂದ ಅಣ್ಣ.

"ಐದು ಅಂದ್ರಲ್ಲ. ಹೇಗೆ ಎಣಿಸಿದ್ರಿ? ಎಣಿಸಿ ತೋರಿಸಿ."

ಅಣ್ಣ ಬಾಗಿಲ ಸಂದಿಯ ಜಾಗದಲ್ಲಿಯೇ ನಿಂತು ಬೆರಳು ಮಡಿಸಿದ. ಒಂದು, ಎರಡು, ಮೂರು. ಪೆಟ್ಟಿಗೆಯ ಈ ಕಡೆಯಿಂದ ಇಣುಕುತ್ತಿದ್ದ ತಲೆ, ನಾಲ್ಕು. ಪೆಟ್ಟಿಗೆಯ ಆ ಕಡೆಯಿಂದ ಚಾಚಿದ್ದ ಬಾಲ... ಅಷ್ಟರಲ್ಲಿ ಸೋಂಬೇರಿ ಆಕಳಿಸಿತು. ಆಕಳಿಸಿದ್ದು ತಲೆ, ಅಲ್ಲಾಡಿದ್ದು ಬಾಲ. ಐದನೆಯ ಬೆರಳು ಮಡಿಸಲಾಗದೆ ಅಣ್ಣ ಅದನ್ನು ಹಾಗೇ ನೆಟ್ಟಗೆ ಹಿಡಿದುಕೊಂಡು ನಿಂತ.

ಅತ್ತಿಗೆಯವರ ಮುಖ ಸುಣ್ಣದಂತಾಯಿತು. "ದಿನಾ ನಾನು ಬಡ್ಕೊಳ್ತಿದ್ದಿದ್ದು ಬಾಯಿತೀಟೆಗೆ ಅಂದ್ಕೊಂಡ್ರೇನ್ರೀ? ಒಂದೊಂದನ್ನೂ ಬೈದು, ಒಂದೊಂದೂ ಓಗೊಟ್ಟ ಮೇಲೆ ದಬ್ಬಳ ಇಳಿಸ್ತಿದ್ದೆ! ಆ ಪೀಡೆ ಹತ್ತಿಯೊಳಗೆ ಮಲಗಿದ್ರೆ ಯಾವ ಕಣ್ಣಿಗೆ ಕಾಣುತ್ತೆ? ಈ ಕೈಯಲ್ಲಿ ಎಷ್ಟು ಸಲ ಚುಚ್ಚಿದೀನಿ ಗೊತ್ತೇನ್ರೀ, ಈ ಕೈಯಲ್ಲಿ!" ಎಮ್ಮೆಯ ಚರ್ಮದಂಥ ಬಟ್ಟೆಗೂ ಜಗ್ಗದ ಆ ಕೈಯನ್ನು ಅಣ್ಣನ ಮುಖದ ಮುಂದೆ ಎತ್ತಿ ಹಿಡಿದರು.

ಇಂಥ ಹೊತ್ತಿನಲ್ಲಿಯೇ ಅಲ್ಲವೇ ನನ್ನಂಥವರ ಉಪಯೋಗ ಎಂದುಕೊಂಡು ನಾನು ಬಾಯಿ ಹಾಕಿದೆ. "ಬಿಡಿ ಅತ್ತಿಗೆ, ಪುಣ್ಯವಂತೆ, ಲಾಡ್ಜಲ್ಲಿ ಬಾಡಿಗೆ ಇಲ್ದೆ ಮಲಗಿದಾಳೆ."

ಅತ್ತಿಗೆಯವರು ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೊದಲಿಗೆ ಹೇಳಿದ ಭೂಮಂಡಲದಿಂದ ನಮ್ಮ ಮನೆಯ ಮೇಲಂತಸ್ತನ್ನು ಕಳೆದು ಓದಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿ.

ಅವರು ಹೊರಟರು. ಆ ನಡಿಗೆಗೆ ಬೀದಿಯ ಕಲ್ಲುಗಳು ಎದ್ದು ಪಕ್ಕಕ್ಕೆ ಸರಿದವು. ಹಿಂದೆ ಅಣ್ಣ, ಅವನ ಹಿಂದೆ, ಸುರಕ್ಷಿತವಾದ ದೂರದಲ್ಲಿ, ನಾನು. ಲಾಡ್ಜಿನ ಕಟ್ಟೆಯ ಹಿಂದೆ ಮ್ಯಾನೇಜರು ಬೀಗದ ಕೈಗಳನ್ನು ಜೋಡಿಸುತ್ತಿದ್ದರು.

"ನಿಮ್ಮ ಹಾಸಿಗೆಯೊಳಗೆ ನಮ್ಮ ಬೆಕ್ಕಿದೆ."

"ಶ್! ಮೆಲ್ಲಗಮ್ಮಾ, ಗಿರಾಕಿಗಳಿದಾರೆ! ನಾಳೆ ಬನ್ನಿ, ವಿಚಾರ ಮಾಡೋಣ."

ಅಷ್ಟರಲ್ಲಿ ಅತ್ತಿಗೆಯವರು ಮೆಟ್ಟಿಲೇರಿ ಆಗಿತ್ತು. ಉದ್ದನೆಯ ಪಡಸಾಲೆ, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಒಂದೊಂದರ ಹಿಂದೆ ಒಂದೊಂದು ಹಾಸಿಗೆ. ಅವರು ನಡುವೆ ನಿಂತು, ಗೋಡೆಗೆ ಕೈಯೂರಿ, ಬೆಳಗಿನಿಂದ ಕಟ್ಟಿಟ್ಟಿದ್ದನ್ನೆಲ್ಲ ಒಟ್ಟಿಗೆ ಬಿಟ್ಟರು. "ಎಲ್ಲಿ ಸತ್ಯೇ ಪೀಡೆ!"

ಬಾಗಿಲುಗಳೆಲ್ಲ ತೆರೆದವು. ಟವೆಲು ಸುತ್ತಿಕೊಂಡವರು, ಮುಖಕ್ಕೆ ಸೋಪು ಹಚ್ಚಿಕೊಂಡವರು ಹೊರಬಂದರು. ಮನೆಯಿಂದ ದೂರ ಬಂದಿದ್ದ ಒಬ್ಬ ಸಂಸಾರಸ್ಥ ಅಭ್ಯಾಸಬಲದಿಂದ "ಇಲ್ಲೇ ಇದ್ದೀನಿ" ಎಂದುಬಿಟ್ಟ. ಬೆಕ್ಕಿನ ಸದ್ದಿಲ್ಲ. ಇನ್ನೊಮ್ಮೆ ಕೂಗಿದರು. ಇಲ್ಲ. ಮೂರನೆಯ ಸಲ ದನಿ ಒಡೆಯಿತು, ಒಡೆದರೂ ತಗ್ಗಲಿಲ್ಲ. "ಸಾಯೋಕೆ ಬೇರೆ ಜಾಗ ಸಿಗ್ಲಿಲ್ವೇನೇ ನಿನಗೆ, ಹಾಳಾದ್ದೇ! ಮಾತಾಡೇ!"

ಕೊನೆಯ ಕೋಣೆಯಿಂದ, ನೂಲಿನೆಳೆಯಷ್ಟು ತೆಳ್ಳಗೆ, ಒಂದು "ಮೀ" ಬಂತು.

ಒಳಗೆ ಔಷಧಿ ಮಾರುವ ದಢೂತಿ ಮನುಷ್ಯರೊಬ್ಬರು ಹಾಸಿಗೆಯ ಅಂಚಿನಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ತಮ್ಮದೇ ಗುಳಿಗೆಯನ್ನು ನುಂಗಲು ಸಿದ್ಧರಾಗಿದ್ದರು. "ಆಗ್ಲಿಂದ ಹೀಗೇ ಸದ್ದು ಮಾಡ್ತಿದೆ. ಮಧ್ಯಾಹ್ನ ತಿಂದಿದ್ದು ಸರಿಹೋಗಿಲ್ಲ ಅಂದ್ಕೊಂಡೆ."

"ಏಳ್ರೀ ಮೇಲೆ!"

ಅವರು ಎದ್ದದ್ದು ಕಿಟಕಿಯ ಮೇಲೆಯೇ. ಅತ್ತಿಗೆಯವರು ಕತ್ತರಿ ತೆಗೆದರು. ಮ್ಯಾನೇಜರು ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. "ಕತ್ತರಿ ಹಾಕಿದ್ರೋ, ನಿಮಗೂ ನಮಗೂ ಇವತ್ತಿಗೇ ಮುಗೀತು. ಉಳಿದ ಮಹಡಿ ಎಲ್ಲ ಎದುರಂಗಡಿಗೆ!"

ಅಣ್ಣ ಅತ್ತಿಗೆಯವರ ಮೊಣಕೈ ಮುಟ್ಟಿದ. "ಸ್ವಲ್ಪ ತಡಿಯೇ. ಆರ್ಡರು... ಇವರು ಒಪ್ಪೋ ತನಕ ಏನಾದ್ರೂ ಬೇರೆ ದಾರಿ..."

ದೇವರಂಥ ಮನುಷ್ಯ ಹಾಗೆಂದ. ನನ್ನ ಒಡಹುಟ್ಟಿದವನು. ಆಗ ನನಗೇ ಅವನ ಕುತ್ತಿಗೆ ಹಿಚುಕುವಷ್ಟು ಸಿಟ್ಟು ಬಂತು. ಅತ್ತಿಗೆಯವರಿಗೆ ಏನು ಬಂದಿತೋ ದೇವರೇ ಬಲ್ಲ. ಅವರು ಮ್ಯಾನೇಜರ ಕಡೆ ತಿರುಗದೆ ಗಂಡನ ಮುಖವನ್ನೇ ನೋಡುತ್ತ ಕೇಳಿದರು. "ಹಾಗಂದ್ರೇನರ್ಥ?" ಮತ್ತು ಉತ್ತರಕ್ಕೆ ಕಾಯದೆ, ಒಂದೇ ಎಳೆತಕ್ಕೆ, ಬಾಯಿಯಿಂದ ಬುಡದವರೆಗೆ ಪರ್‍ರೆಂದು ಹಾಸಿಗೆಯನ್ನು ಸೀಳಿದರು.

ಕಿಸೆಯಷ್ಟು ಆಳದಲ್ಲಿ, ಬೆವರಿ ಮುದ್ದೆಯಾಗಿ, ಹತ್ತಿ ಮೆತ್ತಿಕೊಂಡು ಮುದುಕಿಯಂತಾಗಿದ್ದ ಪೀಡೆ ಸಿಕ್ಕಿತು. ಎತ್ತಿದ ಕೈಯ ಹೆಬ್ಬೆರಳನ್ನು ಮೊದಲು ಚೆನ್ನಾಗಿ ಕಚ್ಚಿತು. "ಕಚ್ಚು, ನನ್ನನ್ನೇ ಕಚ್ಚು! ಐದು ಬೆರಳು ಎತ್ತಿದವರು ಅಲ್ಲಿ ನಿಂತಿದಾರೆ, ಅವರನ್ನ ಕಚ್ಚೋಕೆ ಹಲ್ಲಿಲ್ವಾ?" ಎಂದು ಗದರಿಸುತ್ತಲೇ ಅತ್ತಿಗೆಯವರು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು. ಎಡಕಿವಿಯ ತುದಿಯಲ್ಲಿ, ದಬ್ಬಳ ಹಾದ ಅಳತೆಗೆ ಸರಿಯಾಗಿ, ಒಂದು ತೂತಿತ್ತು. ಸುತ್ತ ಒಣಗಿದ ರಕ್ತ. ಅಲ್ಲಿಂದ ಒಂದು ಬೆರಳು ಒಳಗೆ ಬಂದಿದ್ದರೆ ತಲೆ. ಮರಿಯನ್ನು ಅಣ್ಣನ ಎದೆಗೆ ಒಗೆದರು.

ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎದೆಯಿಂದ ಸೂಜಿ ಕಿತ್ತು, ಆ ಸೀಳಿದ ಹಾಸಿಗೆಯನ್ನು ಹೊಲಿಯತೊಡಗಿದರು. ಮ್ಯಾನೇಜರು, "ಈಗ ಯಾಕಮ್ಮಾ ಅದು, ಬಿಡಿ" ಎಂದರು. "ನನ್ನ ಕೈಯಿಂದ ಬಂದ ಹಾಸಿಗೆ ಬಾಯಿ ಬಿಟ್ಕೊಂಡು ಬಿದ್ದಿರೋದಿಲ್ಲ. ನೀವು ಅದರ ಮೇಲೆ ಮಲಗ್ತೀರೋ, ಮೋರಿಗೆ ಎಸೀತೀರೋ, ನಿಮ್ಮ ಹಣೆಬರಹ." ಸೀಳು ಮುಚ್ಚಿ, ಹತ್ತಿ ತುಂಬಿ, ಬಾಯಿಗೆ ಬಂದರು. ದಬ್ಬಳ ಕೈಗೆ ತೆಗೆದುಕೊಂಡರು. ಎದ್ದು ನಿಂತರು.

"ಎಲ್ಲಿ ಸತ್ರೀ ಮ್ಯಾನೇಜರ್ರೇ!"

"ಇಲ್ಲೇ ಇದ್ದೀನಮ್ಮಾ," ಎಂದರು ಮ್ಯಾನೇಜರು, ಕರವಸ್ತ್ರದೊಳಗಿಂದ.

"ಎಲ್ಲಿ ಸತ್ರೀ ಔಷಧಿಯೋರೇ!"

"ಕಿಟಕೀಲಿದ್ದೀನಿ ತಾಯೀ."

"ಎಲ್ಲಿ ಸತ್ರೀ ನಮ್ಮನೆ ಲೆಕ್ಕಿಗರೇ!" ಅಣ್ಣ ಎದೆಗವಚಿದ ಮರಿಯ ಹಿಂದಿನಿಂದ ಏನೋ ಗೊಣಗಿದ. "ಎಲ್ಲಿ ಸತ್ಯೋ ಮಾತಿನಮಲ್ಲ!"

"ಇದ್ದೀನಿ ಅತ್ತಿಗೆ," ಎಂದೆ.

ಎಲ್ಲರೂ ಹಾಸಿಗೆಯ ಹೊರಗಿರುವುದು ಖಚಿತವಾದ ಮೇಲೆ ಬಾಯಿ ಮುಚ್ಚಿತು.

ಮನೆಗೆ ಮರಳಿದಾಗ ಬೀದಿಗೆ ಬೀದಿಯೇ ಬಾಗಿಲಲ್ಲಿ ನೆರೆದಿತ್ತು. ಅಣ್ಣ ಜಗಲಿಯ ಮೇಲೆ ಕೂತು, ಪೀಡೆಯನ್ನು ಕೆನ್ನೆಗೊತ್ತಿಕೊಂಡು, ಮಗುವಿನಂತೆ ಅತ್ತ. ದರ್ಜಿಯ ಹೆಂಡತಿ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, "ಎಂಥ ಹೆಂಗರುಳು ನೋಡ್ರಮ್ಮ, ಹೆತ್ತ ತಾಯಿ ಹೀಗೆ ಅಳಲ್ಲ," ಎಂದಳು. ಯಾರೋ ಅವನಿಗೆ ನೀರು ತಂದುಕೊಟ್ಟರು, ಇನ್ಯಾರೋ ಬೆನ್ನು ಸವರಿದರು. ಅತ್ತಿಗೆಯವರು, ರಕ್ತ ಸೋರುವ ಹೆಬ್ಬೆರಳಿಗೆ ಹತ್ತಿ ಒತ್ತಿ ಹಿಡಿದುಕೊಂಡು, ಆ ಗುಂಪಿನ ನಡುವೆಯೇ ಹಾದು ಒಳಗೆ ಹೋದರು. ಅವರಿಗೆ ಯಾರೂ ದಾರಿ ಕೂಡ ಬಿಡಲಿಲ್ಲ. ನಾನು ಇಡೀ ಬೀದಿಯ ಮೇಲೆ ಹಲ್ಲು ಕಡಿದುಕೊಂಡೆ. ಆದರೆ ನನ್ನ ಹಲ್ಲಿನ ಸಂಗತಿ ನಿಮಗೆ ಗೊತ್ತೇ ಇದೆ, ಸದ್ದು ಬರಲಿಲ್ಲ.

ಅಡುಗೆಮನೆಯಲ್ಲಿ ಮಾತ್ರ ಸದ್ದು ಬಂತು. "ಅತ್ತಿದ್ದು ಮುಗೀತೇನ್ರೀ? ಈ ಮನೇಲಿ ಪ್ರೀತಿ ಮಾಡೋರು ಬೇಕಾದಷ್ಟಿದಾರೆ. ಹೊರಗೆ ಬೀದಿ ತುಂಬಾನೂ ಇದಾರೆ. ಎಣಿಸೋರು ಯಾರು?"

"ತಪ್ಪಾಯ್ತು ಕಣೇ. ಇನ್ಮೇಲೆ ನಾನು ನೋಡ್ಕೋ..." ಎಂದವನು ತಾನಾಗಿಯೇ ಅಲ್ಲಿಗೆ ನಿಲ್ಲಿಸಿದ.

ಲಾಡ್ಜಿನ ಉಳಿದ ಮಹಡಿಗಳೆಲ್ಲ ಸ್ಪಂಜಿಗೆ ಹೋದವು. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ತೆಳ್ಳಗಾದೆವು, ಬೆಕ್ಕುಗಳನ್ನು ಬಿಟ್ಟು. ಅಂಗಡಿ ಮುಚ್ಚಲಿಲ್ಲ, ಮೆರೆಯಲೂ ಇಲ್ಲ. ಸ್ಪಂಜಿನ ಮೇಲೆ ಮಲಗಿ ಸೊಂಟ ಹಿಡಿದವರು ಈಗ ಒಬ್ಬೊಬ್ಬರಾಗಿ, ಮತ್ತೆ ಆಕಾಶ ನೋಡುತ್ತ, ರಸ್ತೆ ದಾಟಿ ಬರುತ್ತಿದ್ದಾರೆ. ಬಂದವರ ಮುಂದೆ ಅತ್ತಿಗೆಯವರು ಮೊದಲಿಗಿಂತ ಎರಡು ಪಟ್ಟು ಜೋರಾಗಿ ಬೈಯುತ್ತಾರೆ. ಅಣ್ಣನಿಗೂ ಈಗ ಒಂದು ಕೆಲಸವಿದೆ: ಹತ್ತಿಯಿಂದ ಕೂದಲು ಆರಿಸುವುದು. ಕನ್ನಡಕ ಹಾಕಿಕೊಂಡು ದಿನವಿಡೀ ಆರಿಸುತ್ತಾನೆ. ಬೆಕ್ಕುಗಳು ಬಂದು ಆರಿಸಿದ್ದನ್ನು ಕೆದರಿದಾಗ ಅವನ ಬಾಯಿಂದಲೂ ಒಂದೆರಡು ಸಣ್ಣ ಬೈಗುಳ ಹೊರಬರುವುದನ್ನು ನಾನು ಕೇಳಿದ್ದೇನೆ. ಇನ್ನೂ ಎಳೆಯವು, ಪಳಗಬೇಕು.

ಲೋಕದಲ್ಲಿ ಇಂಥವರು ಅಲ್ಲಲ್ಲಿ ಇದ್ದೇ ಇರುತ್ತಾರೆ. ಪ್ರತಿಯೊಂದು ಮನೆಯ ನೆಮ್ಮದಿಯ ಅಡಿಯಲ್ಲಿ ಯಾರೋ ಒಬ್ಬರ ಸಿಟ್ಟು ಅಸ್ತಿಭಾರವಾಗಿ ಕೂತಿರುತ್ತದೆ. ಮೇಲಿನವರು ಕುಣಿದಾಡುತ್ತ, ಅಡಿಗಲ್ಲು ಎಷ್ಟು ಒರಟು ಎಂದು ದೂರುತ್ತಿರುತ್ತಾರೆ. ಸೌಮ್ಯರು ಸೌಮ್ಯರಾಗಿರುವುದು ಇಂಥವರು ಅವರ ಪಾಲಿನ ಕಾಠಿಣ್ಯವನ್ನೂ ತಾವೇ ಹೊತ್ತುಕೊಂಡಿರುವುದರಿಂದ. ಇಂಥವರ ಕೋಪವೆಂಬುದು ಹೊರಗಿನ ಗಡುಸು ಹೊದಿಕೆ ಮಾತ್ರ. ಬಿಚ್ಚಿ ನೋಡಿದರೆ ಒಳಗೆ ಇರುವುದು ಹಿಂಜಿದ ಹತ್ತಿಯಷ್ಟು ಮೃದುವಾದ ಪ್ರೀತಿ. ಇಷ್ಟನ್ನು ಬರೆದು ಮುಗಿಸಿ, ಮೆಚ್ಚುಗೆಯ ನಿರೀಕ್ಷೆಯಲ್ಲಿ, ಕೆಳಗೆ ಹೋಗಿ ಅತ್ತಿಗೆಯವರಿಗೆ ಓದಿ ಹೇಳಿದೆ. ಅವರು ಹತ್ತಿ ತಟ್ಟುವುದನ್ನು ನಿಲ್ಲಿಸಿ, ಕೋಲನ್ನು ನೆಲಕ್ಕೂರಿ, ಕೊನೆಯವರೆಗೂ ಕೇಳಿದರು.

"ಒಳಗೆ ಪ್ರೀತಿ ಅಂತೆ! ನೋಡೋ, ನನ್ನ ಕೋಪದೊಳಗೆ ಇರೋದು ಕೋಪಾನೇ, ಮೂಲೆ ಮೂಲೆಗೂ ಒತ್ತಿ ತುಂಬಿದೀನಿ. ಒಳಗೊಂದು ಸರಕು ತುಂಬಿ ಮೇಲೊಂದು ಬಟ್ಟೆ ಹೊಲಿಯೋ ಕಳ್ಳ ಕಸುಬು ನಮ್ಮಪ್ಪ ನನಗೆ ಕಲಿಸಿಲ್ಲ."